ಬ್ಯಾಕಪ್ ತಂತ್ರಾಂಶ ಅಪ್‌ಡೇಟ್ ಮಾಡುವುದು, ಆಮೇಲೆ ಕೈಕೊಟ್ಟರೆ ಸರಿಪಡಿಸುವುದು: ಕಲಬುರಗಿಯ ಅಂಗಡಿ, ಆಫೀಸುಗಳಿಗೆ ಸಮಗ್ರ ಮಾರ್ಗದರ್ಶಿ

ಬ್ರೌಸರ್ ಅಪ್‌ಡೇಟ್ ಆಗಿ ಕೆಟ್ಟರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಟ್ಯಾಲಿ ಕೆಟ್ಟರೆ ಮುನೀಮರು ಕೂತಲ್ಲಿಂದಲೇ ಫೋನ್ ಹಚ್ಚುತ್ತಾರೆ. ಬ್ಯಾಕಪ್ ತಂತ್ರಾಂಶ ಕೆಟ್ಟರೆ ಮಾತ್ರ ಯಾರಿಗೂ ಸುಳಿವು ಸಿಗುವುದಿಲ್ಲ. ಗಡಿಯಾರದ ಪಕ್ಕ ಅದರ ಐಕಾನ್ ಇದ್ದೇ ಇರುತ್ತದೆ. ಹಾರ್ಡ್ ಡಿಸ್ಕ್ ಹೋದ ದಿನ ತೆಗೆದು ನೋಡಿದರೆ ಕೊನೆಯ ಬ್ಯಾಕಪ್ ಆಗಿರುವುದು ಅಪ್‌ಡೇಟ್ ಮಾಡಿದ ಹಿಂದಿನ ರಾತ್ರಿ.

ಹಾಗಂತ ಅಪ್‌ಡೇಟ್ ಮಾಡದೇ ಕೂರುವ ಹಾಗೂ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮ್ಯಾಕ್ರಿಯಮ್ ರಿಫ್ಲೆಕ್ಟ್ ಎಂಬ ಬ್ಯಾಕಪ್ ತಂತ್ರಾಂಶದ ಉಚಿತ ಆವೃತ್ತಿಗೆ 2024ರ ಜನವರಿಯಿಂದಲೇ ಭದ್ರತಾ ಅಪ್‌ಡೇಟ್ ಬರುತ್ತಿಲ್ಲ. ಕಂಪ್ಯೂಟರ್ ಬದಲಾಗುತ್ತದೆ, ವಿಂಡೋಸ್ ಬದಲಾಗುತ್ತದೆ, ಬ್ಯಾಕಪ್ ತಂತ್ರಾಂಶವೂ ಜೊತೆಗೆ ಏರಲೇಬೇಕು.

ಇಲ್ಲಿ ಬರೆದಿರುವುದು ನೆಹರೂ ಗಂಜಿನ ಅಡತಿ ಅಂಗಡಿ, ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಸೆಂಟರ್, ದಾಲ್ ಮಿಲ್ಲಿನ ಆಫೀಸು ಇಂಥ ಕಡೆ ಒಂದೆರಡು ವಿಂಡೋಸ್ ಕಂಪ್ಯೂಟರ್ ಇಟ್ಟುಕೊಂಡವರಿಗಾಗಿ. ಉದಾಹರಣೆಗೆ ಡುಪ್ಲಿಕಾಟಿ ತೆಗೆದುಕೊಂಡಿದ್ದೇನೆ. ಅದು ಉಚಿತ, ಮುಕ್ತ ತಂತ್ರಾಂಶ. ಪೋರ್ಟಬಲ್ ಡಿಸ್ಕ್‌ಗೂ ಗೂಗಲ್ ಡ್ರೈವ್‌ಗೂ ಬ್ಯಾಕಪ್ ಮಾಡುತ್ತದೆ, ಗೂಢಲಿಪಿಯಲ್ಲಿ ಇಡುತ್ತದೆ. ನೀವು ಬೇರೆ ತಂತ್ರಾಂಶ ಬಳಸುತ್ತಿದ್ದರೆ ಬಟನ್‌ಗಳ ಹೆಸರು ಬೇರೆ ಇರುತ್ತದೆ, ಕೆಲಸದ ಕ್ರಮ ಇದೇ.

ಮೊದಲು ಒಳಗೇನಿದೆ ತಿಳಿದುಕೊಳ್ಳಿ

ಇದನ್ನು ಓದದೇ ಮುಂದಕ್ಕೆ ಹೋಗಬೇಡಿ. ಅಪ್‌ಡೇಟ್ ಆದ ಮೇಲಿನ ಮುಕ್ಕಾಲು ಸಮಸ್ಯೆ ಅರ್ಥವಾಗುವುದು ಇಲ್ಲಿಂದ.

ಡುಪ್ಲಿಕಾಟಿ ನಿಮ್ಮ ಫೈಲುಗಳನ್ನು ಹಾಗೇ ನಕಲು ಮಾಡಿ ಇಡುವುದಿಲ್ಲ. ಸಣ್ಣ ತುಂಡು ಮಾಡಿ, ತುಂಡುಗಳನ್ನು ಕಟ್ಟಿ ಕಳಿಸುತ್ತದೆ. ಬ್ಯಾಕಪ್ ಡಿಸ್ಕ್ ತೆರೆದು ನೋಡಿದರೆ ಮೂರು ಬಗೆಯ ಫೈಲು ಕಾಣುತ್ತವೆ. ಡಿಬ್ಲಾಕ್ ಅಂದರೆ ನಿಜವಾದ ಮಾಲು. ನೀವೇನೂ ಬದಲಿಸದಿದ್ದರೆ ಒಂದೊಂದು ಸುಮಾರು 50 ಎಂಬಿ. ಯಾವ ತುಂಡು ಯಾವ ಡಿಬ್ಲಾಕ್‌ನಲ್ಲಿದೆ ಎಂದು ಹೇಳುವುದು ಡಿಇಂಡೆಕ್ಸ್. ಆ ದಿನದ ಬ್ಯಾಕಪ್‌ನಲ್ಲಿ ಯಾವ ಯಾವ ಫೈಲು ಇದ್ದವು ಎಂಬ ಪಟ್ಟಿ ಡಿಲಿಸ್ಟ್.

ಇದಲ್ಲದೆ ನಿಮ್ಮ ಕಂಪ್ಯೂಟರಿನಲ್ಲೇ ಒಂದು ಲೋಕಲ್ ಡೇಟಾಬೇಸ್ ಇರುತ್ತದೆ. ಗೋದಾಮಿನಲ್ಲಿ ಚೀಲ, ಗಾದಿಯ ಮೇಲೆ ದಾಸ್ತಾನು ಪುಸ್ತಕ ಇದ್ದ ಹಾಗೆ. ಅಪ್‌ಡೇಟ್ ಮಾಡಿದಾಗ ಬದಲಾಗುವುದು ಈ ಪುಸ್ತಕ. ಗೋದಾಮನ್ನು ಯಾರೂ ಮುಟ್ಟಿರುವುದಿಲ್ಲ. ಹಾಗಾಗಿ ಪರದೆಯ ಮೇಲೆ ಕೆಂಪು ಅಕ್ಷರ ಬಂದ ಕೂಡಲೇ ಡೇಟಾ ಹೋಯಿತು ಅಂತ ಗಾಬರಿ ಬೀಳಬೇಡಿ. ಡೇಟಾ ನಿಜವಾಗಿ ಹೋಗುವುದು ಆ ಗಾಬರಿಯಲ್ಲಿ ಡಿಲೀಟ್, ರಿಪೇರ್ ಅಂತ ಸಿಕ್ಕ ಬಟನ್ ಒತ್ತಿದಾಗ.

ಇನ್ನೊಂದು ಮಾತು. 2025ರ ಜನವರಿ ಕೊನೆಗೆ ಬಂದ 2.1 ಸ್ಟೇಬಲ್ ಆವೃತ್ತಿ ದೊಡ್ಡ ಜಿಗಿತ. ಒಳಗಿನ ವ್ಯವಸ್ಥೆ, ಅಂದರೆ ತಂತ್ರಾಂಶ ಓಡಲು ಬೇಕಾದ ಮೈಕ್ರೋಸಾಫ್ಟ್‌ನ ಅಡಿಪಾಯ, ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಿಂದ ಡಾಟ್‌ನೆಟ್ 8ಕ್ಕೆ ಬದಲಾಯಿತು. ತೆರೆಯಲು ಪಾಸ್‌ವರ್ಡ್ ಬೇಕಾಯಿತು. ಡೇಟಾಬೇಸಿನ ರಚನೆಯೂ ಬದಲಾಯಿತು. 2.0 ಬೀಟಾದಲ್ಲೇ ವರ್ಷಗಟ್ಟಲೆ ನಿಂತವರು ಇಂದು ಹೊಸದಕ್ಕೆ ಹೋದರೆ ಇದೆಲ್ಲ ಒಂದೇ ಏಟಿಗೆ ಎದುರಾಗುತ್ತದೆ. ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲಿ ಪ್ರಯತ್ನವೇ ಬೇಡ. ಡಾಟ್‌ನೆಟ್ 8 ವಿಂಡೋಸ್ 7ಕ್ಕೆ ಬೆಂಬಲ ಕೊಡುವುದಿಲ್ಲ.

ಯಾವಾಗ ಮಾಡಬೇಕು

ಗಂಜಿಗೆ ಹೊಸ ತೊಗರಿ ಬರಲು ಶುರುವಾಗುವುದು ಡಿಸೆಂಬರ್‌ನಲ್ಲಿ. ಜನವರಿ, ಫೆಬ್ರವರಿಯಲ್ಲಿ ಅಂಗಡಿಯವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಆ ಮೂರು ತಿಂಗಳು ಕಂಪ್ಯೂಟರಿನಲ್ಲಿ ಏನನ್ನೂ ಬದಲಿಸಬೇಡಿ. ಉಳಿದ ತಿಂಗಳುಗಳಲ್ಲೂ ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಿಗೆ 11ನೇ ತಾರೀಕು ಜಿಎಸ್‌ಟಿಆರ್-1, 20ಕ್ಕೆ 3ಬಿ ಇರುತ್ತದೆ. 20 ದಾಟಿದ ಮೇಲೆ ಒಂದು ದಿನ ನೋಡಿಕೊಳ್ಳಿ.

ಭಾನುವಾರ ಅಂಗಡಿ ಬಂದ್ ಇರುತ್ತದೆ, ಅವತ್ತೇ ಮಾಡೋಣ ಅಂತ ಬಹಳ ಜನ ಹೇಳುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಸೋಮವಾರ ಬೆಳಿಗ್ಗೆ ಬಂದವರು ನೇರ ಕೆಲಸಕ್ಕೆ ಇಳಿಯುತ್ತಾರೆ, ರಾತ್ರಿಯ ಬ್ಯಾಕಪ್ ಆಯಿತಾ ಅಂತ ಯಾರೂ ನೋಡುವುದಿಲ್ಲ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಮಾಡಿದರೆ ಮುಂದಿನ ಎರಡು ಮೂರು ದಿನ ಕಣ್ಣಿಡಬಹುದು.

ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಮುಗಿಸಿ. ಬಹಳಷ್ಟು ಪೋರ್ಟಬಲ್ ಡಿಸ್ಕ್‌ಗಳಿಗೆ ತಯಾರಕರು ಹೇಳುವ ತಾಪಮಾನದ ಮಿತಿ 35 ಡಿಗ್ರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42 ದಾಟುತ್ತದೆ. ತಗಡಿನ ಚಾವಣಿಯ ಆಫೀಸಿನಲ್ಲಿ ಮಧ್ಯಾಹ್ನ ಗಂಟೆಗಟ್ಟಲೆ ಡಿಸ್ಕ್ ಓದಿಸಿದರೆ ಅದು ಸುಡುತ್ತದೆ. ಜೆಸ್ಕಾಂನವರು ಕರೆಂಟ್ ತೆಗೆಯುವ ದಿನವನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ, ಅದನ್ನೂ ನೋಡಿಕೊಳ್ಳಿ. ಯುಪಿಎಸ್ ಇಲ್ಲದ ಕಂಪ್ಯೂಟರಿನಲ್ಲಿ ಡೇಟಾಬೇಸ್ ಬದಲಾಗುತ್ತಿರುವಾಗ ಕರೆಂಟ್ ಹೋದರೆ ಕಥೆ ಉದ್ದವಾಗುತ್ತದೆ.

ಅಪ್‌ಡೇಟ್‌ಗೆ ಮುಂಚೆ

ಈ ಭಾಗಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಅಪ್‌ಡೇಟ್ ಮಾಡುವುದಕ್ಕೆ ಐದು ನಿಮಿಷ ಸಾಕು.

1. ಈಗಿನ ಆವೃತ್ತಿ ಬರೆದುಕೊಳ್ಳಿ. ಅಬೌಟ್ ಪುಟದಲ್ಲಿ ಪೂರ್ತಿ ಸಂಖ್ಯೆ ಸಿಗುತ್ತದೆ. ಸ್ಟೇಬಲ್, ಬೀಟಾ, ಎಕ್ಸ್‌ಪೆರಿಮೆಂಟಲ್, ಕ್ಯಾನರಿ ಎಂಬ ನಾಲ್ಕು ದಾರಿಗಳಲ್ಲಿ ನೀವು ಯಾವುದರಲ್ಲಿದ್ದೀರಿ ಎಂಬುದನ್ನೂ ನೋಡಿ. ಅಂಗಡಿಯ ಲೆಕ್ಕ ಇರುವ ಕಂಪ್ಯೂಟರಿಗೆ ಸ್ಟೇಬಲ್ ಬಿಟ್ಟು ಬೇರೇನೂ ಬೇಡ. ಈಗಿನ ಆವೃತ್ತಿಯ ಇನ್‌ಸ್ಟಾಲರ್ ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ವಾಪಸ್ ಬರಬೇಕಾದರೆ ಬೇಕಾಗುತ್ತದೆ.

2. ಪ್ರತಿ ಬ್ಯಾಕಪ್‌ನ ಸೆಟ್ಟಿಂಗ್ ಎಕ್ಸ್‌ಪೋರ್ಟ್ ಮಾಡಿ. ಬ್ಯಾಕಪ್‌ನ ಹೆಸರಿನ ಮೇಲೆ ಒತ್ತಿದರೆ ಎಕ್ಸ್‌ಪೋರ್ಟ್ ಎಂಬ ಆಯ್ಕೆ ಇದೆ. ಪಾಸ್‌ವರ್ಡ್‌ಗಳನ್ನೂ ಸೇರಿಸಿ, ಫೈಲಿಗೆ ಗೂಢಲಿಪಿ ಹಾಕಿ, ಬೇರೆ ಜಾಗದಲ್ಲಿ ಇಡಿ. ಅದೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲ.

3. ಬ್ಯಾಕಪ್‌ನ ಪಾಸ್‌ಫ್ರೇಸ್ (ಗೂಢಲಿಪಿ ಬಿಡಿಸುವ ಗುಪ್ತಪದ) ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ. ಇದು ಮರೆತರೆ ಯಾವ ಇಂಜಿನಿಯರ್ ಬಂದರೂ ಬ್ಯಾಕಪ್ ತೆಗೆಯಲಾಗದು. ಅದು ತಂತ್ರಾಂಶದ ದೋಷ ಅಲ್ಲ, ಗೂಢಲಿಪಿ ಇರುವುದೇ ಹಾಗೆ. ಹಾಕಿಕೊಟ್ಟ ಹುಡುಗ ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಹೋಗಿ, ಪಾಸ್‌ಫ್ರೇಸ್ ಅವನ ತಲೆಯಲ್ಲೇ ಉಳಿದಿರುವ ಅಂಗಡಿಗಳು ಬಹಳ ಇವೆ. ಅಪ್‌ಡೇಟ್‌ಗಿಂತ ಮೊದಲು ಅವನಿಗೊಂದು ಫೋನ್ ಮಾಡಿ.

4. ಒಂದು ಬ್ಯಾಕಪ್ ಓಡಿಸಿ, ಅದು ತಪ್ಪಿಲ್ಲದೆ ಮುಗಿಯಲಿ. ಒಟ್ಟು ಗಾತ್ರ ಎಷ್ಟು, ಎಷ್ಟು ವರ್ಷನ್ (ಬೇರೆ ಬೇರೆ ದಿನದ ಬ್ಯಾಕಪ್) ಇವೆ ಎಂದು ಬರೆದುಕೊಳ್ಳಿ. ಈಗಾಗಲೇ ಎರರ್ ಬರುತ್ತಿದ್ದರೆ ಅದನ್ನು ಸರಿ ಮಾಡದೆ ಅಪ್‌ಡೇಟ್‌ಗೆ ಕೈಹಾಕಬೇಡಿ. ಹಳೆಯ ರೋಗದ ಮೇಲೆ ಹೊಸ ಔಷಧಿ ಹಾಕಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ.

5. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಡೇಟಾಬೇಸ್ ಫೋಲ್ಡರಿನ ನಕಲು. ಟ್ರೇ ಐಕಾನ್ ಮೇಲೆ ಬಲಗ್ಲಿಕ್ ಮಾಡಿ ಕ್ವಿಟ್ ಕೊಡಿ. ವಿಂಡೋಸ್ ಸರ್ವಿಸ್ ಆಗಿ, ಅಂದರೆ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ, ಓಡುತ್ತಿದ್ದರೆ ಸರ್ವಿಸಸ್ ಪಟ್ಟಿಯಲ್ಲಿ ಸ್ಟಾಪ್ ಮಾಡಿ. ಆಮೇಲೆ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆ್ಯಪ್‌ಡೇಟಾ, ಲೋಕಲ್ ಹೀಗೆ ಒಳಗೆ ಹೋಗುತ್ತಾ ಡುಪ್ಲಿಕಾಟಿ ಫೋಲ್ಡರ್ ಹುಡುಕಿ. ಆ್ಯಪ್‌ಡೇಟಾ ಕಾಣದಿದ್ದರೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್‌ಗೆ ಟಿಕ್ ಹಾಕಿ. ಒಳಗೆ ಸರ್ವರ್ ಎಂಬ ಹೆಸರಿನ ಒಂದು ಎಸ್‌ಕ್ಯೂಲೈಟ್ (ಡೇಟಾಬೇಸ್) ಫೈಲು, ಜೊತೆಗೆ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಒಂದೆರಡು ಫೈಲು ಇರುತ್ತವೆ. ಮೊದಲನೆಯದು ಸೆಟ್ಟಿಂಗ್, ಉಳಿದವು ಒಂದೊಂದು ಬ್ಯಾಕಪ್‌ನ ದಾಸ್ತಾನು. ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ, ಹೆಸರಿನ ಮುಂದೆ ತಾರೀಕು ಹಾಕಿಡಿ. ಫೋಲ್ಡರ್ ಅಲ್ಲಿ ಸಿಗದಿದ್ದರೆ ಹುಡುಕಾಡಬೇಡಿ. ಪ್ರತಿ ಬ್ಯಾಕಪ್‌ನ ಡೇಟಾಬೇಸ್ ಪರದೆಯಲ್ಲೇ ಅದರ ಪೂರ್ತಿ ವಿಳಾಸ ಬರೆದಿರುತ್ತದೆ.

ಅಪ್‌ಡೇಟ್

ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಇನ್‌ಸ್ಟಾಲರನ್ನು ಡುಪ್ಲಿಕಾಟಿಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಯಾರದೋ ಪೆನ್‌ಡ್ರೈವ್‌ನಿಂದ ಬೇಡ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಿಗ್ನೇಚರ್ಸ್ ನೋಡಿ. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹಾಕಬಹುದು. ಮೊದಲ ಸಲ ತೆರೆದಾಗ ಡೇಟಾಬೇಸ್ ಹೊಸ ರಚನೆಗೆ ಬದಲಾಗುತ್ತದೆ. ದೊಡ್ಡ ಬ್ಯಾಕಪ್ ಇದ್ದರೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ನಿಂತುಬಿಟ್ಟಿದೆ ಅಂದುಕೊಂಡು ಟಾಸ್ಕ್ ಮ್ಯಾನೇಜರ್‌ನಿಂದ ಕೊಲ್ಲಬೇಡಿ. ಚಹಾ ಕುಡಿದು ಬನ್ನಿ.

ಮೊದಲ ಗಂಟೆಯ ಪರೀಕ್ಷೆ

ಬ್ಯಾಕಪ್ ಓಡಿಸಿ ಹಸಿರು ಬಣ್ಣ ಬಂತು, ಮುಗೀತು ಅನ್ನುವವರೇ ಜಾಸ್ತಿ. ಹಸಿರು ಬಣ್ಣ ಹೇಳುವುದು ಕಳಿಸಿದ್ದಾಯಿತು ಅಂತ ಮಾತ್ರ. ವಾಪಸ್ ಬರುತ್ತದಾ ಅನ್ನುವುದನ್ನು ನೀವೇ ತೆಗೆದು ನೋಡಬೇಕು.

ಟ್ಯಾಲಿಯ ಡೇಟಾ ಫೋಲ್ಡರನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ. ಬರೀ ಅಂಕಿಗಳ ಹೆಸರಿನ ಫೋಲ್ಡರ್ ಅದು, ಒಂದು ಕಂಪನಿಗೆ ಒಂದು. ರಿಸ್ಟೋರ್ ಮಾಡುವಾಗ ಮೂಲ ಜಾಗಕ್ಕೆ ಅಂತ ಕೊಡಬೇಡಿ. ಡಿ ಡ್ರೈವ್‌ನಲ್ಲಿ ಪರೀಕ್ಷೆ ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ತನ್ನಿ. ಹಳೆಯ ಆವೃತ್ತಿಗಳಲ್ಲಿ ಒಂದು ಸೂಕ್ಷ್ಮ ಇದೆ. ರಿಸ್ಟೋರ್ ಬೇಗ ಆಗಲಿ ಅಂತ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲೇ ಇರುವ ಮೂಲ ಫೈಲಿನಿಂದ ತುಂಡುಗಳನ್ನು ಎತ್ತಿಕೊಳ್ಳುತ್ತದೆ. ಆಗ ಪರೀಕ್ಷೆ ಆಗುವುದು ಬ್ಯಾಕಪ್ ಅಲ್ಲ, ನಿಮ್ಮ ಸಿ ಡ್ರೈವ್! ಇದನ್ನು ತಡೆಯಲು ನೋ ಲೋಕಲ್ ಬ್ಲಾಕ್ಸ್ ಎಂಬ ಆಯ್ಕೆ ಇದೆ. ಇನ್ನೂ ಒಳ್ಳೆಯದು, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಚ್ಚಿ ಡೈರೆಕ್ಟ್ ರಿಸ್ಟೋರ್ ಮಾಡುವುದು. ತಿಜೋರಿಯ ಕಾಗದದಲ್ಲಿರುವ ಪಾಸ್‌ಫ್ರೇಸ್ ಸರಿ ಇದೆಯಾ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಬಂದ ಫೋಲ್ಡರನ್ನು ಟ್ಯಾಲಿಯಲ್ಲಿ ಡೇಟಾ ಪಾತ್ ಬದಲಿಸಿ ತೆರೆಯಿರಿ. ಕೊನೆಯ ವೋಚರ್ ನಂಬರ್, ನಗದು ಶಿಲ್ಕು ಎರಡನ್ನೂ ಅಸಲಿನ ಜೊತೆ ತಾಳೆ ನೋಡಿ. ನೋಡಿದ ಕೂಡಲೇ ಆ ಕಂಪನಿಯನ್ನು ಮುಚ್ಚಿ, ಪಾತ್ ಮೊದಲಿನ ಹಾಗೆ ಮಾಡಿ, ಪರೀಕ್ಷೆ ಫೋಲ್ಡರ್ ಅಳಿಸಿಬಿಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಎರಡೂ ಕಡೆ ಕಂಪನಿಯ ಹೆಸರು ಒಂದೇ. ಮುನೀಮರು ಊಟ ಮಾಡಿ ಬಂದು, ತೆರೆದಿರುವ ನಕಲಿನಲ್ಲೇ ಸಂಜೆಯವರೆಗೆ ಪಟ್ಟಿ ಹಾಕುತ್ತಾ ಕೂತರೆ ಆ ದಿನದ ಲೆಕ್ಕ ಹುಡುಕುವುದು ಯಾರಿಗೆ ಬೇಕು?

ತಪ್ಪುಗಳು ಮತ್ತು ಪರಿಹಾರ

«ಒಂದೂ ಬ್ಯಾಕಪ್ ಕಾಣವಲ್ದು ಸರ್, ಎಲ್ಲಾ ಹೋತೇನು?»

ಅಪ್‌ಡೇಟ್ ಆದ ಮೇಲೆ ಬರುವ ಮೊದಲ ಫೋನ್ ಸಾಮಾನ್ಯವಾಗಿ ಇದೇ. ಪರದೆ ತೆರೆದರೆ ಪಟ್ಟಿ ಖಾಲಿ. ಏನೂ ಹೋಗಿರುವುದಿಲ್ಲ. ಡುಪ್ಲಿಕಾಟಿ ಎರಡು ರೀತಿ ಓಡಬಹುದು: ನೀವು ಲಾಗಿನ್ ಆದಾಗ ಟ್ರೇ ಐಕಾನ್ ಆಗಿ, ಅಥವಾ ವಿಂಡೋಸ್ ಜೊತೆಗೇ ಎದ್ದೇಳುವ ಸರ್ವಿಸ್ ಆಗಿ. ಎರಡಕ್ಕೂ ಡೇಟಾಬೇಸ್ ಇಡುವ ಜಾಗ ಬೇರೆ ಬೇರೆ. ಮೊದಲು ಒಂದು ರೀತಿ ಓಡುತ್ತಿದ್ದದ್ದು ಈಗ ಇನ್ನೊಂದು ರೀತಿ ಓಡುತ್ತಿದೆ, ಅಷ್ಟೇ. ಎರಡೂ ಒಟ್ಟಿಗೆ ಓಡುತ್ತಿರುವುದೂ ಉಂಟು. ಬ್ರೌಸರಿನ ವಿಳಾಸ ನೋಡಿ. ಮಾಮೂಲಿ ಪೋರ್ಟ್ 8200. ಅದು ಖಾಲಿ ಇಲ್ಲದಿದ್ದರೆ ಎರಡನೆಯದು 8300ರಲ್ಲಿ ಏಳುತ್ತದೆ. 8300 ಅಂತ ಕಂಡರೆ ಬಹುತೇಕ ಎರಡೂ ಓಡುತ್ತಿವೆ ಅಂತ ಅರ್ಥ. ಬೇಡದ್ದನ್ನು ನಿಲ್ಲಿಸಿ, ಮೊದಲಿನದನ್ನು ಉಳಿಸಿ. ಖಾಲಿ ಪಟ್ಟಿಯಲ್ಲಿ ಹೊಸ ಬ್ಯಾಕಪ್ ಸೃಷ್ಟಿಸಿ ಹಳೆಯ ಫೋಲ್ಡರಿಗೇ ಗುರಿ ಕೊಡುವುದನ್ನು ಮಾತ್ರ ಮಾಡಬೇಡಿ.

ಇದರದೇ ಇನ್ನೊಂದು ಮುಖ ವಿಂಡೋಸ್ 10ರಿಂದ 11ಕ್ಕೆ ಹೋದಾಗ ಕಾಣುತ್ತದೆ. ಹಳೆಯ ಇನ್‌ಸ್ಟಾಲೇಶನ್‌ಗಳಲ್ಲಿ ಸರ್ವಿಸ್ ತನ್ನ ಡೇಟಾಬೇಸನ್ನು ವಿಂಡೋಸ್ ಫೋಲ್ಡರಿನೊಳಗೆ, ಸಿಸ್ಟಮ್ ಪ್ರೊಫೈಲ್ ಅಡಿಯಲ್ಲಿ ಇಡುತ್ತಿತ್ತು. ವಿಂಡೋಸ್ ದೊಡ್ಡ ಅಪ್‌ಡೇಟ್ ಆದಾಗ ಆ ಜಾಗವೆಲ್ಲ ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಸರಿಯುತ್ತದೆ. ಅದನ್ನು ವಿಂಡೋಸ್ ಸಾಮಾನ್ಯವಾಗಿ 10 ದಿನ ಇಟ್ಟುಕೊಂಡು ಅಳಿಸುತ್ತದೆ. ಆ ಹತ್ತು ದಿನದೊಳಗೆ ಅಲ್ಲಿಂದ ಡುಪ್ಲಿಕಾಟಿ ಫೋಲ್ಡರ್ ಎತ್ತಿಕೊಳ್ಳಿ. ಮುಂದೆ ಹೀಗಾಗದಂತೆ ಸರ್ವರ್ ಡೇಟಾ ಫೋಲ್ಡರ್ ಎಂಬ ಆಯ್ಕೆಯಿಂದ ಬೇರೆ ಜಾಗ ಕೊಡಿ.

ಪಾಸ್‌ವರ್ಡ್ ಕೇಳುತ್ತಿದೆ, ನಾವು ಇಟ್ಟೇ ಇಲ್ಲ

2.1ರಿಂದ ಇದು ಕಡ್ಡಾಯ. ಇದು ಬ್ಯಾಕಪ್‌ನ ಪಾಸ್‌ಫ್ರೇಸ್ ಅಲ್ಲ, ನಿಯಂತ್ರಣ ಪರದೆಯ ಪಾಸ್‌ವರ್ಡ್. ಸುಮ್ನೆ ಏನೇನೋ ಹಾಕಿ ನೋಡಬೇಡಿ. ಬ್ರೌಸರಿನಲ್ಲಿ ವಿಳಾಸ ಹೊಡೆಯುವ ಬದಲು ಟ್ರೇ ಐಕಾನ್ ಮೇಲೆ ಬಲಗ್ಲಿಕ್ ಮಾಡಿ ಓಪನ್ ಕೊಟ್ಟರೆ ಕೇಳದೆ ಒಳಗೆ ಬಿಡುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮದೊಂದು ಪಾಸ್‌ವರ್ಡ್ ಇಟ್ಟು, ಅದನ್ನೂ ತಿಜೋರಿಯ ಕಾಗದಕ್ಕೆ ಸೇರಿಸಿ.

ಫೈಲು ಕಾಣೆಯಾಗಿದೆ, ಅಥವಾ ಜಾಸ್ತಿ ಇದೆ ಅನ್ನುವ ಎರರ್

ಇಲ್ಲಿ ನಿಧಾನ ಮಾಡಿ. ಪುಸ್ತಕಕ್ಕೂ ಗೋದಾಮಿಗೂ ತಾಳೆಯಾಗುತ್ತಿಲ್ಲ ಎಂದು ಇದರರ್ಥ. ರಿಪೇರ್ ಓಡಿಸಿ ಅಂತ ತಂತ್ರಾಂಶವೇ ಹೇಳುತ್ತದೆ. ಒತ್ತುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈಗಿರುವ ಡೇಟಾಬೇಸ್ ಇತ್ತೀಚಿನದಾ, ಹಳೆಯದಾ?

ಇತ್ತೀಚಿನದೇ ಆಗಿದ್ದು, ಬ್ಯಾಕಪ್ ಮಧ್ಯೆ ಕರೆಂಟ್ ಹೋಗಿಯೋ ನೆಟ್ ಹೋಗಿಯೋ ಈ ಎರರ್ ಬಂದಿದ್ದರೆ ರಿಪೇರ್ ಸರಿ. ಆದರೆ ನೀವು ವಾರದ ಹಿಂದಿನ ಡೇಟಾಬೇಸ್ ನಕಲನ್ನು ತಂದಿಟ್ಟಿದ್ದರೆ, ಅಥವಾ ಕಂಪ್ಯೂಟರನ್ನು ಹಳೆಯ ಇಮೇಜ್‌ನಿಂದ (ಇಡೀ ಡಿಸ್ಕ್‌ನ ನಕಲಿನಿಂದ) ವಾಪಸ್ ತಂದಿದ್ದರೆ, ರಿಪೇರ್ ಒತ್ತಬೇಡಿ. ಆ ವಾರದಲ್ಲಿ ಆದ ಬ್ಯಾಕಪ್ ಹಳೆಯ ಪುಸ್ತಕಕ್ಕೆ ಗೊತ್ತೇ ಇಲ್ಲ. ತನಗೆ ಗೊತ್ತಿಲ್ಲದ ಫೈಲುಗಳನ್ನು ಬೇಡದ್ದೆಂದು ತಿಳಿದು ಡಿಸ್ಕ್‌ನಿಂದ ಅಳಿಸಿಹಾಕುವ ತೊಂದರೆ ಹಳೆಯ ಆವೃತ್ತಿಗಳಲ್ಲಿ ಇತ್ತು. ಇಂಥ ಹೊತ್ತಲ್ಲಿ ಮಾಡಬೇಕಾದ್ದು ರೀಕ್ರಿಯೇಟ್. ಅದು ಡಿಸ್ಕ್‌ನಲ್ಲಿರುವ ಡಿಲಿಸ್ಟ್, ಡಿಇಂಡೆಕ್ಸ್ ಫೈಲುಗಳನ್ನು ಓದಿ ಪುಸ್ತಕವನ್ನೇ ಹೊಸದಾಗಿ ಬರೆಯುತ್ತದೆ. ಮಾಡುವ ಮೊದಲು ಈಗಿನ ಡೇಟಾಬೇಸ್ ಫೈಲಿನ ಒಂದು ನಕಲು ತೆಗೆದಿಡಿ, ಅದು ಕೆಟ್ಟಿದ್ದರೂ ಸರಿ.

ರೀಕ್ರಿಯೇಟ್ ಎಷ್ಟು ಹೊತ್ತು? ಡಿಇಂಡೆಕ್ಸ್ ಫೈಲುಗಳೆಲ್ಲ ಸರಿ ಇದ್ದರೆ ಬೇಗ ಮುಗಿಯುತ್ತದೆ. ಕೆಲಸ ಎಷ್ಟಾಯಿತು ಎಂದು ತೋರಿಸುವ ಪಟ್ಟಿ 70 ಶೇಕಡಾ ದಾಟಿದ ಮೇಲೆ ಆಮೆಯಂತೆ ತೆವಳತೊಡಗಿದರೆ ಕೆಲವು ಡಿಇಂಡೆಕ್ಸ್ ಇಲ್ಲ, ಹಾಗಾಗಿ ದೊಡ್ಡ ಡಿಬ್ಲಾಕ್‌ಗಳನ್ನೇ ಒಂದೊಂದಾಗಿ ತೆರೆದು ನೋಡುತ್ತಿದೆ ಎಂದು ತಿಳಿಯಿರಿ. ಪೋರ್ಟಬಲ್ ಡಿಸ್ಕ್ ಆದರೆ ತಾಳಬಹುದು. ಗೂಗಲ್ ಡ್ರೈವ್‌ನಿಂದ ಆದರೆ ದಿನಗಟ್ಟಲೆ ಹಿಡಿಯಬಹುದು. ಆಗ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂರಬೇಡಿ.

ಒಂದೇ ಒಂದು ವರ್ಷನ್‌ನ ಲೆಕ್ಕ ತಪ್ಪಿದೆ ಎಂದು ಎರರ್ ಹೇಳುತ್ತಿದ್ದರೆ, ಆ ಒಂದು ವರ್ಷನ್ ಅಳಿಸಿದರೆ ಬಹುತೇಕ ಸರಿಹೋಗುತ್ತದೆ. ಉಳಿದ ದಿನಗಳ ಬ್ಯಾಕಪ್ ಹಾಗೇ ಇರುತ್ತದೆ.

ಬ್ಯಾಕಪ್ ಡಿಸ್ಕ್ ಸಿಗುತ್ತಿಲ್ಲ

ಡಿಸ್ಕ್ ಹಚ್ಚಿದ್ದೀರಿ, ಎಕ್ಸ್‌ಪ್ಲೋರರ್‌ನಲ್ಲಿ ಕಾಣುತ್ತಿದೆ, ಡುಪ್ಲಿಕಾಟಿ ಮಾತ್ರ ಇಲ್ಲ ಅನ್ನುತ್ತದೆ. ಡ್ರೈವ್‌ನ ಅಕ್ಷರ ನೋಡಿ. ಅಪ್‌ಡೇಟ್ ಮಾಡಲು ತಂದ ಪೆನ್‌ಡ್ರೈವ್ ಇ ಅಕ್ಷರ ಹಿಡಿದುಕೊಂಡು, ಬ್ಯಾಕಪ್ ಡಿಸ್ಕ್ ಎಫ್ ಆಗಿರುತ್ತದೆ. ತಪ್ಪು ಹೊಸ ಆವೃತ್ತಿಯ ಮೇಲೆ ಬರುತ್ತದೆ, ಪಾಪ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಬ್ಯಾಕಪ್ ಡಿಸ್ಕ್‌ಗೆ ಆರ್ ಅಥವಾ ಎಸ್ ಅಂತ ದೂರದ ಅಕ್ಷರ ಕೊಟ್ಟು, ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಅದನ್ನೇ ಬದಲಿಸಿದರೆ ಮತ್ತೆ ತಲೆನೋವಿಲ್ಲ.

ಬ್ಯಾಕಪ್ ಇನ್ನೊಂದು ಕಂಪ್ಯೂಟರಿನ ಶೇರ್ಡ್ ಫೋಲ್ಡರಿಗೆ ಹೋಗುತ್ತಿದ್ದರೆ ವಿಷಯ ಬೇರೆ. ಝಡ್ ಅಂತ ಮ್ಯಾಪ್ ಮಾಡಿದ ಡ್ರೈವ್ ಲಾಗಿನ್ ಆದ ನಿಮಗೆ ಕಾಣುತ್ತದೆ, ಸರ್ವಿಸ್ ಆಗಿ ಓಡುವ ತಂತ್ರಾಂಶಕ್ಕೆ ಕಾಣುವುದಿಲ್ಲ. ಡ್ರೈವ್ ಅಕ್ಷರ ಬಿಟ್ಟು, ಎರಡು ಓರೆಗೆರೆಯಿಂದ ಶುರುವಾಗುವ ಪೂರ್ತಿ ನೆಟ್‌ವರ್ಕ್ ವಿಳಾಸ ಕೊಡಿ, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೂಡ.

ಟ್ಯಾಲಿ ಫೈಲುಗಳು ಬ್ಯಾಕಪ್ ಆಗುತ್ತಿಲ್ಲ

ಲಾಗ್‌ನಲ್ಲಿ ಫೈಲು ಬೇರೆ ಕಡೆ ಬಳಕೆಯಲ್ಲಿದೆ ಎಂದು ಎಚ್ಚರಿಕೆ ಬಂದಿರುತ್ತದೆ. ಟ್ಯಾಲಿ ತೆರೆದೇ ಇದೆ, ಅದಕ್ಕೆ ಹಾಗೆ. ತೆರೆದ ಫೈಲನ್ನೂ ತೆಗೆದುಕೊಳ್ಳಲು ವಿಂಡೋಸ್‌ನ ಶ್ಯಾಡೋ ಕಾಪಿ ಬಳಸಬಹುದು, ಸ್ನ್ಯಾಪ್‌ಶಾಟ್ ಪಾಲಿಸಿ ಎಂಬ ಆಯ್ಕೆ ಇದೆ. ಆದರೆ ಅದಕ್ಕೆ ಅಡ್ಮಿನ್ ಅಧಿಕಾರ ಬೇಕು. ಅಪ್‌ಡೇಟ್‌ಗೆ ಮುಂಚೆ ಸರ್ವಿಸ್ ಆಗಿ ಓಡುತ್ತಿದ್ದದ್ದು ಈಗ ಮಾಮೂಲಿ ಟ್ರೇ ಐಕಾನ್ ಆಗಿ ಓಡುತ್ತಿದ್ದರೆ ಆ ಅಧಿಕಾರ ಹೋಗಿರುತ್ತದೆ.

ನನ್ನ ಕೇಳಿದರೆ, ಶ್ಯಾಡೋ ಕಾಪಿ ಇದ್ದರೂ ಟ್ಯಾಲಿ ಮುಚ್ಚಿರುವ ಹೊತ್ತಿಗೆ ಬ್ಯಾಕಪ್ ಇಡುವುದೇ ವಾಸಿ. ರಾತ್ರಿ ಹತ್ತಕ್ಕೆ ಅಂತ ಸಮಯ ಇಟ್ಟು, ಏಳಕ್ಕೇ ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೋಗುವ ಅಂಗಡಿಗಳೇ ಜಾಸ್ತಿ. ತಪ್ಪಿಹೋದ ಬ್ಯಾಕಪ್ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಓಡುತ್ತದೆ, ಅದೇ ಹೊತ್ತಿಗೆ ಮುನೀಮರು ಟ್ಯಾಲಿ ತೆರೆಯುತ್ತಾರೆ. ದಿನಾ ಡಿಕ್ಕಿ. ಊಟದ ಹೊತ್ತಿಗೆ ಸಮಯ ಇಟ್ಟು, ಊಟಕ್ಕೆ ಏಳುವಾಗ ಟ್ಯಾಲಿ ಮುಚ್ಚುವ ರೂಢಿ ಮಾಡಿಸಿ.

ಗೂಗಲ್ ಡ್ರೈವ್ ಅನುಮತಿ ಇಲ್ಲ ಅನ್ನುತ್ತಿದೆ

ಬ್ಯಾಕಪ್‌ನ ಗುರಿ ಪುಟದಲ್ಲಿ ಆಥ್‌ಐಡಿ (ಗೂಗಲ್ ಖಾತೆ ಬಳಸಲು ಡುಪ್ಲಿಕಾಟಿಗೆ ಸಿಗುವ ಅನುಮತಿ ಸಂಕೇತ) ಹೊಸದಾಗಿ ಪಡೆಯಿರಿ. ಮೊದಲು ಬಳಸಿದ ಗೂಗಲ್ ಖಾತೆಯನ್ನೇ ಬಳಸಿ. ಅಂಗಡಿಯದೊಂದು, ಮಗನದೊಂದು ಅಂತ ಎರಡು ಖಾತೆ ಬ್ರೌಸರಿನಲ್ಲಿದ್ದರೆ ತಪ್ಪು ಖಾತೆಗೆ ಹೋಗುವುದು ಸುಲಭ. ಉಚಿತ ಖಾತೆಯ 15 ಜಿಬಿ ತುಂಬಿದೆಯಾ ಅಂತಲೂ ನೋಡಿ. ಅದು ಜಿಮೇಲ್ ಮತ್ತು ಫೋಟೋಗಳಿಗೂ ಸೇರಿದ ಜಾಗ.

ನೆಟ್ ಸರಿ ಇದ್ದೂ ಸರ್ಟಿಫಿಕೇಟ್ ಎರರ್ ಬಂದರೆ ಗಡಿಯಾರ ನೋಡಿ. ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ತಾರೀಕು ತಪ್ಪಿದರೆ ಸುರಕ್ಷಿತ ಸಂಪರ್ಕವೂ ಆಗುವುದಿಲ್ಲ, ನಿಗದಿ ಮಾಡಿದ ಬ್ಯಾಕಪ್‌ನ ಸಮಯವೂ ಬರುವುದಿಲ್ಲ. ಸಿಆರ್2032 ಎಂಬ ನಾಣ್ಯದಂಥ ಸೆಲ್, ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತದೆ.

ರಿಸ್ಟೋರ್ ಮಾಡುವಾಗ ಡಾಕ್ಯುಮೆಂಟ್ಸ್‌ಗೆ ಬರೆಯಲು ಬಿಡುತ್ತಿಲ್ಲ

ವಿಂಡೋಸ್ ಸೆಕ್ಯುರಿಟಿಯಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಹಚ್ಚಿದ್ದರೆ ಹೊಸ ಪ್ರೋಗ್ರಾಮನ್ನು ಅದು ಅನುಮಾನದಿಂದ ನೋಡುತ್ತದೆ. ಅದನ್ನು ಪೂರ್ತಿ ಆಫ್ ಮಾಡಬೇಡಿ. ಅನುಮತಿ ಪಟ್ಟಿಗೆ ಡುಪ್ಲಿಕಾಟಿಯ ಹೊಸ ಫೈಲು ಸೇರಿಸಿ.

ರಿಸ್ಟೋರ್ ಆದ ಕನ್ನಡ ಫೈಲು ಗೀಚಿದ ಹಾಗಿದೆ

ಡಿಟಿಪಿಯವರು ಇದನ್ನು ಓದಿ. ಲಗ್ನಪತ್ರಿಕೆಯ ಹಳೆಯ ಫೈಲು ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಬ್ಯಾಕಪ್ ಕೆಟ್ಟಿದೆ ಅಂತ ನಿರ್ಧಾರಕ್ಕೆ ಬರುವ ಮೊದಲು ಫಾಂಟ್ ನೋಡಿ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೇ ಕಾಣುತ್ತದೆ. ಫಾಂಟ್ ಹಾಕಿದ ಕೂಡಲೇ ವಧುವರರ ಹೆಸರು ಸರಿಯಾಗುತ್ತದೆ. ಫಾಂಟ್‌ಗಳು ಇರುವುದು ವಿಂಡೋಸ್ ಫೋಲ್ಡರಿನೊಳಗೆ; ನಿಮ್ಮ ಬ್ಯಾಕಪ್‌ನಲ್ಲಿ ಅದು ಸೇರಿರುವುದಿಲ್ಲ. ಬಳಸುವ ಫಾಂಟ್‌ಗಳ ನಕಲನ್ನು ಕೆಲಸದ ಫೋಲ್ಡರಿಗೇ ಹಾಕಿಟ್ಟುಕೊಳ್ಳಿ, ಮುಂದಿನ ಸಲದಿಂದ ಜೊತೆಗೇ ಬ್ಯಾಕಪ್ ಆಗುತ್ತದೆ.

ಹಳೆಯ ಆವೃತ್ತಿಗೆ ವಾಪಸ್ ಹೋಗಬೇಕಾದರೆ

ಹೊಸದು ತೆಗೆದು ಹಳೆಯದು ಹಾಕಿದರೆ ಸಾಕು ಅನ್ನಿಸುತ್ತದೆ, ಆದರೆ ತೆರೆದ ಕೂಡಲೇ ಡೇಟಾಬೇಸ್ ನನ್ನ ಆವೃತ್ತಿಗಿಂತ ಹೊಸದು ಎಂಬ ಎರರ್ ಬರುತ್ತದೆ. ಹಳೆಯ ತಂತ್ರಾಂಶಕ್ಕೆ ಹೊಸ ರಚನೆ ಓದಲು ಬರುವುದಿಲ್ಲ. ಮೊದಲೇ ತೆಗೆದಿಟ್ಟ ಫೋಲ್ಡರ್ ನಕಲು ಈಗ ಕೆಲಸಕ್ಕೆ ಬರುತ್ತದೆ. ಡುಪ್ಲಿಕಾಟಿ ನಿಲ್ಲಿಸಿ, ಈಗಿನ ಫೋಲ್ಡರಿನ ಹೆಸರು ಬದಲಿಸಿ, ನಕಲನ್ನು ಆ ಜಾಗಕ್ಕೆ ತನ್ನಿ. ನಕಲು ತೆಗೆಯಲು ಮರೆತಿದ್ದರೆ ಫೋಲ್ಡರಿನೊಳಗೆ ಬ್ಯಾಕಪ್ ಎಂಬ ಪದ ಮತ್ತು ತಾರೀಕು ಇರುವ ಫೈಲು ಹುಡುಕಿ. ಡೇಟಾಬೇಸ್ ಬದಲಿಸುವ ಮೊದಲು ತಂತ್ರಾಂಶ ತಾನೇ ಒಂದು ಪ್ರತಿ ಇಟ್ಟಿರುತ್ತದೆ.

ಹೊಸ ಆವೃತ್ತಿಯಲ್ಲಿ ಒಂದೂ ಬ್ಯಾಕಪ್ ಓಡಿಸಿರದಿದ್ದರೆ ಇಷ್ಟಕ್ಕೇ ಮುಗಿಯಿತು. ಓಡಿಸಿದ್ದರೆ ಆ ಹಳೆಯ ಪುಸ್ತಕದ ಮಾತು ಮತ್ತೆ ಬರುತ್ತದೆ: ರಿಪೇರ್ ಅಲ್ಲ, ರೀಕ್ರಿಯೇಟ್.

ಸಹಾಯ ಕೇಳುವಾಗ

ಪರದೆಯ ಫೋಟೋ ಹೊಡೆದು ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಶೋ ಲಾಗ್ ತೆರೆದು ಎರರ್ ಬಂದ ಸಾಲನ್ನು ಪೂರ್ತಿ ಕಾಪಿ ಮಾಡಿ. ಒಂದಕ್ಕಿಂತ ಜಾಸ್ತಿ ಎರರ್ ಇದ್ದರೆ ಎಲ್ಲಕ್ಕಿಂತ ಮೊದಲು ಬಂದದ್ದು ಮುಖ್ಯ, ಉಳಿದವು ಅದರ ಬಾಲ. ಹಳೆಯ ಆವೃತ್ತಿ, ಹೊಸ ಆವೃತ್ತಿ, ವಿಂಡೋಸ್ ಯಾವುದು, ಸರ್ವಿಸ್ ಆಗಿಯೋ ಟ್ರೇ ಆಗಿಯೋ, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ, ಇದಿಷ್ಟನ್ನೂ ಸೇರಿಸಿ. ಈಗಾಗಲೇ ಯಾವ ಯಾವ ಬಟನ್ ಒತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಬರೆಯಿರಿ. ಕಳಿಸುವ ಮೊದಲು ಪಾಸ್‌ಫ್ರೇಸ್, ಆಥ್‌ಐಡಿ, ಪಾರ್ಟಿಗಳ ಹೆಸರಿರುವ ಫೈಲುಗಳ ಸಾಲು ಇದ್ದರೆ ತೆಗೆದುಹಾಕಿ. ಆ ಕಡೆಯಿಂದ ಉತ್ತರ ಬರುವವರೆಗೆ ನಿಗದಿ ಬ್ಯಾಕಪ್ ನಿಲ್ಲಿಸಿಟ್ಟು, ಟ್ಯಾಲಿ ಫೋಲ್ಡರನ್ನು ದಿನಾ ಸಂಜೆ ಕೈಯಾರೆ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.